ಒಳಗೆ ಕೊರೆದ ಹೆಸರು

ಮಾತ್ಸುಶಿರೊ
ಮೆಯಿಜಿ ೧೨ನೇ ವರ್ಷ, ಎರಡನೇ ತಿಂಗಳು ೧೧

ಯೊಕೊಹಾಮಾದಲ್ಲಿರುವ ಉನೊಕಿಚಿ ಅಣ್ಣನಿಗೆ ತಾಮೆ ಬರೆಯುವುದು.

ಇಲ್ಲಿ ಹಿಮ ಸೊಂಟದ ತನಕ ಬಿದ್ದಿದೆ. ನಿಮ್ಮ ಕಡೆ ಸಮುದ್ರ ಇರುವುದರಿಂದ ಇಷ್ಟು ಚಳಿ ಇರಲಾರದು. ನೀವು ಅಪ್ಪನ ಹತ್ತಿರ ಕಸುಬು ಕಲಿತು ನಮ್ಮ ಕುಲುಮೆ ಬಿಟ್ಟು ಒಂಬತ್ತು ವರ್ಷವಾಯಿತು. ಮೊದಮೊದಲು ಹೊಸ ವರ್ಷಕ್ಕೆ ಒಂದು ಕಾಗದ ಬರುತ್ತಿತ್ತು, ಮೂರು ವರ್ಷದಿಂದ ಅದೂ ಇಲ್ಲ. ದೂರುವುದಕ್ಕೆ ಬರೆಯುತ್ತಿಲ್ಲ, ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ.

ಅಪ್ಪನ ಕಣ್ಣು ಹೋಗಿ ಆರು ವರ್ಷ. ಈಗ ಎದೆಯಲ್ಲಿ ಕೆಮ್ಮು ಕೂತಿದೆ. ಇನ್ನೊಂದು ಚಳಿಗಾಲ ನೋಡಿದರೆ ಹೆಚ್ಚು ಎಂದು ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದರು. ಅಪ್ಪನ ಕಿವಿ ಚುರುಕು, ಅವರಿಗೂ ಕೇಳಿಸಿರಬೇಕು. ಅವತ್ತಿನಿಂದ ಬೆಳಗ್ಗೆ ಗೋಡೆ ಹಿಡಿದುಕೊಂಡು ಹೋಗಿ ತಣ್ಣಗಿನ ಕುಲುಮೆಯ ಮುಂದೆ ಕೂತು ಒಂದೇ ಮಾತು ಆಡುತ್ತಾರೆ. “ಮಿನೊವಾ ಅವರ ಶಿರಸ್ತ್ರಾಣ ಎಲ್ಲಿದೆಯೋ ಹುಡುಕಿಸೇ. ಅದರಲ್ಲಿ ನನ್ನದೊಂದು ಕೆಲಸ ಬಾಕಿ ಇದೆ.” ಯಾವ ಕೆಲಸ ಎಂದರೆ ಬಾಯಿ ಬಿಡುವುದಿಲ್ಲ.

ನಿಮಗೆ ಅದು ನೆನಪಿರಲೇಬೇಕು. ಪರದೇಶದವರ ಕಪ್ಪು ಹಡಗುಗಳು ಬಂದ ಮರುವರ್ಷ ಅಪ್ಪ ಸಮುರಾಯಿಗಳಾದ ಮಿನೊವಾ ಮನೆಯ ಹಿರಿಯರಿಗೆ ಮಾಡಿಕೊಟ್ಟದ್ದು. ಅರವತ್ತೆರಡು ಕಬ್ಬಿಣದ ಪಟ್ಟಿ, ಒಂದು ಮೊಳೆಯ ತಲೆಯೂ ಹೊರಗೆ ಕಾಣುವುದಿಲ್ಲ. ಕತ್ತು ಕಾಯುವ ಐದು ಸಾಲು ತಗಡಿಗೆ ಕಡುನೀಲಿ ರೇಷ್ಮೆ ಹುರಿ. ಒಳಗೆ ಹಿಂಬದಿಯ ಪಟ್ಟಿಯಲ್ಲಿ, ಅಸ್ತರಿನ ಅಡಿ, ಅಪ್ಪನ ಕಸುಬಿನ ಹೆಸರು ‘ಕಾನೆಹಿದೆ’. ಏಳು ವರ್ಷದ ಹಿಂದೆ ಮಿನೊವಾ ಮನೆಯವರು ಎಲ್ಲ ಮಾರಿ ಊರು ಬಿಟ್ಟಾಗ ಅದೂ ಹೋಯಿತು. ಅಪ್ಪ ಮಾಡಿದ ಮಿಕ್ಕ ಶಿರಸ್ತ್ರಾಣಗಳ ಮಾತು ಯಾರೂ ಎತ್ತುವುದಿಲ್ಲ. ಇದೊಂದನ್ನು ಊರು ಮರೆತಿಲ್ಲ. ತೋಫು ಮಾರುವವಳು ಈಗಲೂ ನನ್ನನ್ನು “ಮಿನೊವಾ ಶಿರಸ್ತ್ರಾಣದ ಮಗಳು” ಎಂದೇ ಕರೆಯುವುದು. ಆ ಹೆಸರು ನನಗೂ ಇಷ್ಟ.

ನೀವಿರುವ ಅಂಗಡಿಯಲ್ಲಿ ಹಳೆಯ ಕವಚ, ಶಿರಸ್ತ್ರಾಣಗಳ ವ್ಯಾಪಾರ ಎಂದು ಕೇಳಿದ್ದೇನೆ. ಅಪ್ಪ ಹೋಗುವ ಮೊದಲು ಅದನ್ನೊಮ್ಮೆ ಅವರ ಮಡಿಲಲ್ಲಿ ಇಡಬೇಕು. ಹುಡುಕಿಕೊಡಿ. ನಾನು ನಿಲುವಂಗಿಗೆ ಕಟ್ಟುವ ಹುರಿ ಹೆಣೆದು ಮನೆ ನಡೆಸುತ್ತಿದ್ದೇನೆ, ನಮ್ಮ ಚಿಂತೆ ಬೇಡ.

ತಾಮೆ

*

ಯೊಕೊಹಾಮಾ
ಮೂರನೇ ತಿಂಗಳು ೨೦

ತಂಗಿ ತಾಮೆಗೆ,

ನಿನ್ನ ಕಾಗದ ನೋಡಿ ಎಷ್ಟು ಸಂತೋಷವಾಯಿತೆಂದು ಹೇಗೆ ಬರೆಯಲಿ! ಅಕ್ಷರ ಥೇಟ್ ಗುರುಗಳದ್ದೇ, ಮೂಗು ಮೇಲೆತ್ತಿಕೊಂಡು ನಿಂತಿರುತ್ತವೆ. ಗುರುಗಳ ಆರೋಗ್ಯದ ಸುದ್ದಿ ಓದಿ ಮನಸ್ಸು ಕೆಟ್ಟಿತು. ಒಣಗಿದ ಸಮುದ್ರಪಾಚಿ ಸ್ವಲ್ಪ ಕಳಿಸಿದ್ದೇನೆ, ಗಂಜಿಗೆ ಹಾಕಿ ಕೊಡು.

ಇಲ್ಲಿಯ ವ್ಯಾಪಾರ ಕೇಳಿದರೆ ನೀನು ನಗುತ್ತೀಯ. ವಾರಕ್ಕೆ ಎರಡು ಗಾಡಿ ತುಂಬ ಶಿರಸ್ತ್ರಾಣ ಬರುತ್ತವೆ. ಪರದೇಶದವರು ಅದನ್ನು ತಲೆಕೆಳಗು ಮಾಡಿ, ಮಣ್ಣು ತುಂಬಿ, ಜರಿಗಿಡ ನೆಟ್ಟು ವರಾಂಡದಲ್ಲಿ ನೇತುಹಾಕುತ್ತಾರೆ. ಒಬ್ಬಾಕೆ ಒಳಗೆ ದೀಪ ಇಟ್ಟುಕೊಂಡಿದ್ದಾಳೆ. ನಾನು ಕಲಿತ ವಿದ್ಯೆ ಎಂಥಾ ಕೆಲಸಕ್ಕೆ ಬಂತು ನೋಡು. ತುಕ್ಕು ತೆಗೆಯುವುದು, ಬಿಟ್ಟ ಮೊಳೆ ಬಿಗಿಯುವುದು, ಗಿರಾಕಿಯ ಕಣ್ಣಿಗೆ ಹಿಡಿಯುವ ಹಾಗೆ ಮಾಡಿಡುವುದು. ನಮ್ಮ ಯಜಮಾನರ ಲೆಕ್ಕವೇ ಬೇರೆ. “ನಿನ್ನೆ ಮೊನ್ನೆಯವರ ಹೆಸರು ಯಾರಿಗೆ ಬೇಕಯ್ಯಾ? ಮುನ್ನೂರು ವರ್ಷದ್ದು ಅಂದ್ರೇನೇ ಗಿರಾಕಿ ಕಣ್ಣು ಅಗಲ ಆಗೋದು” ಎನ್ನುತ್ತಿರುತ್ತಾರೆ.

ಮಿನೊವಾ ಶಿರಸ್ತ್ರಾಣ ಹುಡುಕುವುದು ಬಣವೆಯಲ್ಲಿ ಸೂಜಿ ಹುಡುಕಿದಂತೆ. ಆದರೂ ಅರವತ್ತೆರಡು ಪಟ್ಟಿ, ಕೆಂಪು ಹುರಿ ಇರುವ ಯಾವುದು ಬಂದರೂ ಕಣ್ಣಿಟ್ಟಿರುತ್ತೇನೆ. ಗುರುಗಳಿಗೆ ಹೆಚ್ಚು ಆಸೆ ಹುಟ್ಟಿಸಬೇಡ. ಸಿಕ್ಕರೂ ಅದು ಮೊದಲಿನ ಹಾಗೇ ಇರುತ್ತದೆ ಎಂದು ಹೇಳಲಾಗುವುದಿಲ್ಲ.

ಅಂದಹಾಗೆ, ಬಾಕಿ ಇರುವ ಕೆಲಸ ಎಂದರೆ ಏನಿರಬಹುದು? ಒಳಭಾಗಕ್ಕೆ ಸಂಬಂಧಪಟ್ಟದ್ದೋ, ಹೊರಭಾಗದ್ದೋ? ಸುಮ್ಮನೆ ಕೇಳಿದೆ.

ಉನೊಕಿಚಿ

*

ಮಾತ್ಸುಶಿರೊ
ನಾಲ್ಕನೇ ತಿಂಗಳು ೨೮

ಉನೊಕಿಚಿ ಅಣ್ಣನಿಗೆ,

ಏಪ್ರಿಕಾಟ್ ಹೂವು ಉದುರಿ ಮುಗಿಯಿತು. ಸಮುದ್ರಪಾಚಿ ಅಪ್ಪನಿಗೆ ಸೇರಿತು.

ನಾನು ಬರೆದದ್ದು ನೀಲಿ ಹುರಿ, ನೀವು ಬರೆದದ್ದು ಕೆಂಪು. ಹನ್ನೆರಡನೇ ವಯಸ್ಸಿನಿಂದ ನಮ್ಮ ಮನೆಯಲ್ಲಿ ಬೆಳೆದವರು ನೀವು. ವರ್ಷಕ್ಕೊಮ್ಮೆ ಎಣ್ಣೆ ಹಚ್ಚಲು ಅದು ಮಿನೊವಾ ಮನೆಯಿಂದ ಬಂದಾಗ ಹೊತ್ತು ತರುತ್ತಿದ್ದವರೂ ನೀವೇ. ಅದರ ಬಣ್ಣ ಮರೆಯುವವರಲ್ಲ. ಕೆಂಪು ಹುರಿ ಹಾಕಿದ್ದನ್ನು ನೀವು ನೋಡಿದ್ದೀರಿ. ಅದು ನಿಮ್ಮ ಅಂಗಡಿಯಲ್ಲೇ ಇದೆಯೋ, ಮಾರಿಹೋಯಿತೋ? ಜರಿಗಿಡದ ಕಥೆ ಬೇಡ, ಇದಕ್ಕೆ ಉತ್ತರ ಬರೆಯಿರಿ.

ಬಾಕಿ ಕೆಲಸದ ಬಗ್ಗೆ ಕೇಳಿದಿರಿ. ಹೋದ ವಾರ ಅಪ್ಪ ಸಣ್ಣ ಉಳಿ ಮತ್ತು ಕಬ್ಬಿಣ ಉಜ್ಜುವ ಚಪ್ಪಟೆ ಅರವನ್ನು ನನ್ನಿಂದ ತೆಗೆಸಿಕೊಂಡು ಎಣ್ಣೆ ಹಾಕಿ ಒರೆಸಿದರು. ಹೆಸರಿನ ಪಕ್ಕ ಅವರು ಅವತ್ತು ಇಸವಿ ಕೊರೆದಿರಲಿಲ್ಲ. ಅದನ್ನೇ ಈಗ ಕೊರೆಯಬೇಕು ಎಂದಿರಬೇಕು. ಕಣ್ಣಿಲ್ಲದೆ ಹೇಗೆ ಎಂದು ಕೇಳಿದೆ. “ಕೊರೆಯೋಕೆ ಕಣ್ಣು ಬೇಕು. ಇದಕ್ಕೆ ಹೆಬ್ಬೆರಳು ಸಾಕು” ಎಂದರು. ನನಗೆ ಅರ್ಥವಾಗಲಿಲ್ಲ.

ತಾಮೆ

*

ಯೊಕೊಹಾಮಾ
ಐದನೇ ತಿಂಗಳು ೩೦

ತಂಗಿ ತಾಮೆಗೆ,

ಒಂದು ತಿಂಗಳು ತಡವಾಯಿತು. ನಿನ್ನ ಕಾಗದ ಕೈಲಿ ಹಿಡಿದು ಏನು ಬರೆಯಲಿ ಎಂದು ಕೂತೇ ಹೊತ್ತು ಕಳೆದೆ.

ಅದು ನಮ್ಮ ಅಂಗಡಿಯಲ್ಲೇ ಇದೆ. ಹೋದ ಶರತ್ಕಾಲದಲ್ಲಿ ಬಂತು. ಪರದೇಶದ ಒಬ್ಬ ವೈದ್ಯರು ಅದನ್ನು ತಮಗೇ ಎಂದು ಹೇಳಿ ಇಟ್ಟಿದ್ದಾರೆ. ವರ್ಷದ ಕೊನೆಗೆ ಹಡಗು ಹತ್ತುವಾಗ ಒಯ್ಯುತ್ತಾರೆ. ಹುರಿ ಮಾಸಿತ್ತು ಎಂದು ಯಜಮಾನರು ಬದಲಿಸಲು ಹೇಳಿದರು, ಬದಲಿಸಿದೆ. ಮೊದಲೇ ಹೇಳಬೇಕಿತ್ತು. ನಿನಗೆ ಬೇಜಾರಾಗುತ್ತದೆ ಎಂದು ಹೇಳಲಿಲ್ಲ.

ಒಂದು ದಾರಿ ಇದೆ. ಹಳೆಯ ಅಸ್ತರನ್ನು ಇಲಿ ಕಡಿದಿದೆ. ಸೆಣಬಿನ ಬಟ್ಟೆಗೆ ಹತ್ತಿರ ಹತ್ತಿರ ಹೊಲಿಗೆ ಹಾಕಿ ಅಸ್ತರು ಮಾಡುವವರು ಈ ಊರಲ್ಲಿ ಯಾರೂ ಉಳಿದಿಲ್ಲ. ಮಾತ್ಸುಶಿರೊದಲ್ಲಿ ಒಬ್ಬರಿದ್ದಾರೆ, ಕಳಿಸೋಣ ಎಂದು ಯಜಮಾನರನ್ನು ಒಪ್ಪಿಸಿದ್ದೇನೆ. ಇಪ್ಪತ್ತು ದಿನ ನಿಮ್ಮ ಮನೆಯಲ್ಲಿರಲಿ. ಒಂದೇ ಮಾತು ನಡೆಸಿಕೊಡು. ಬಂದ ತಕ್ಷಣ ಅಸ್ತರು ಹೊಲಿದು ಮುಚ್ಚಿ, ಆಮೇಲೆ ಗುರುಗಳ ಕೈಗೆ ಕೊಡು. ಒಳಗಿನ ಕಬ್ಬಿಣ ಒರಟಾಗಿದೆ, ಬೆರಳಿಗೆ ತಗುಲೀತು.

ಉನೊಕಿಚಿ

*

ಯೊಕೊಹಾಮಾ
ಎಂಟನೇ ತಿಂಗಳು ೧೯

ತಾಮೆ,

ವಾಂತಿಭೇದಿಯಿಂದ ಊರು ಮುಚ್ಚಿದ ಹಾಗಾಗಿದೆ. ಹೊರಗೆ ಒಂದು ಗಂಟೂ ಹೋಗುತ್ತಿಲ್ಲ, ಅದಕ್ಕೇ ಶಿರಸ್ತ್ರಾಣ ಕಳಿಸಲಾಗಿಲ್ಲ. ಪಕ್ಕದ ಮನೆಯ ಚಾಪೆ ನೇಯುವವನು ಬೆಳಗ್ಗೆ ನನ್ನ ಜೊತೆ ಸೌತೆಕಾಯಿ ಬೇಡ, ರೋಗ ಬರುತ್ತದೆ ಎಂದು ತಮಾಷೆ ಮಾಡಿದ್ದ, ಸಂಜೆಗೆ ಅವನನ್ನು ಹೊತ್ತುಕೊಂಡು ಹೋದರು. ನನ್ನ ಸರದಿ ಬರುವ ಮೊದಲು ಇದನ್ನು ಬರೆದುಬಿಡುತ್ತೇನೆ. ಹೆದರಿಕೆಯಿಂದ ಬರೆಯುತ್ತಿದ್ದೇನೆ, ಒಳ್ಳೆಯತನದಿಂದಲ್ಲ.

ಆ ಶಿರಸ್ತ್ರಾಣದಲ್ಲಿ ಈಗ ಗುರುಗಳ ಹೆಸರಿಲ್ಲ. ಅರ ಹಾಕಿ ತೆಗೆದವನು ನಾನು. ಆ ಜಾಗದಲ್ಲಿ ‘ಉಜಿನೊರಿ’ ಎಂದು ಕೊರೆದೆ. ಮುನ್ನೂರು ವರ್ಷದ ಹಿಂದಿನ ಶಿರಸ್ತ್ರಾಣದ ಕಮ್ಮಾರ. ಗುರುಗಳು ಅವನ ಹೆಸರೆತ್ತುವಾಗ ಕೂತಲ್ಲೇ ಬೆನ್ನು ನೆಟ್ಟಗೆ ಮಾಡುತ್ತಿದ್ದರಲ್ಲ, ಅದೇ ಉಜಿನೊರಿ. ಈ ಕೆಲಸ ಇಲ್ಲಿ ನನ್ನ ದಿನನಿತ್ಯದ್ದು. ಹೊಸಬರ ಹೆಸರು ತೆಗೆಯುತ್ತೇನೆ, ಹಳಬರ ಹೆಸರು ಹಾಕುತ್ತೇನೆ. ಅದಕ್ಕೇ ಹೊಸ ವರ್ಷದ ಕಾಗದ ನಿಂತದ್ದು, ಬೇರೆ ಕಾರಣವಿಲ್ಲ.

ಅದು ನನ್ನ ಮೇಜಿಗೆ ಬಂದ ದಿನ ಅಸ್ತರು ಬಿಚ್ಚುವ ಮೊದಲೇ ಗುರುತು ಹಿಡಿದೆ. ಯಜಮಾನರು ಹಿಂದೆ ನಿಂತು, “ಇಷ್ಟು ಒಳ್ಳೆ ಕೆಲಸಕ್ಕೆ ಯಾರ ಹೆಸರು ಹಾಕಿದ್ರೆ ಒಪ್ಪುತ್ತೆ?” ಎಂದು ಕೇಳಿದರು. ನನ್ನ ಬಾಯಿಗೆ ಉಜಿನೊರಿ ಎಂದು ಬಂತು. ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ. ಕೈ ನಡುಗಲಿಲ್ಲ. ನಡುಗಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಗುರುಗಳಿಗೆ ಹೇಳಬೇಡ. ಅವರ ಕೈಗೆ ಅದನ್ನು ಕೊಡುವುದೋ ಬೇಡವೋ ನೀನೇ ತೀರ್ಮಾನಿಸು.

ಉನೊಕಿಚಿ

*

ಮಾತ್ಸುಶಿರೊ
ಒಂಬತ್ತನೇ ತಿಂಗಳು ೨

ಉನೊಕಿಚಿಗೆ,

ಕಾಗದ ಬಂತು. ಬರೆದು ನೀನು ಮನಸ್ಸು ಹಗುರ ಮಾಡಿಕೊಂಡೆ. ನಾನು ಇದನ್ನು ಎಲ್ಲಿ ಇಡಲಿ?

ಕಳಿಸು. ಅಸ್ತರಿಗೆ ಎರಡು ಎಳೆ ಸೇರಿಸಿ ಹೊಲಿಯುತ್ತೇನೆ. ಹೊರಗಿನಿಂದ ಮುಟ್ಟಿ ನೋಡಿ ತಮ್ಮ ಹೆಸರು ಒಳಗಿದೆ ಎಂದುಕೊಂಡೇ ಅಪ್ಪ ಹೋಗಲಿ.

ತಾಮೆ

*

ಮಾತ್ಸುಶಿರೊ
ಹನ್ನೊಂದನೇ ತಿಂಗಳು ೯

ಉನೊಕಿಚಿಗೆ,

ಪೆಟ್ಟಿಗೆ ಆರನೇ ತಾರೀಖು ತಲುಪಿತು. ಕಮ್ಮಾರರ ತಿದಿಯ ಹಬ್ಬಕ್ಕೆಂದು ನೀನು ಇಟ್ಟಿದ್ದ ಕಿತ್ತಳೆಗಳಲ್ಲಿ ಎರಡು ಕೊಳೆತಿದ್ದವು, ಮಿಕ್ಕವು ಚೆನ್ನಾಗಿದ್ದವು. ನಿಮ್ಮ ಯಜಮಾನರು ಪೆಟ್ಟಿಗೆ ಕಟ್ಟುವ ದಾರದಲ್ಲೂ ಜಿಪುಣತನ ಬಿಡುವವರಲ್ಲ. ತುಂಡು ತುಂಡು ಗಂಟು ಹಾಕಿದ ಕೊಳೆ ದಾರವಾದರೂ ಬಹಳ ಗಟ್ಟಿಯಾಗಿತ್ತು. ಕಾಕಿ ಹಣ್ಣು ಸುಲಿದಿಟ್ಟಿದ್ದೆ, ಅದರಲ್ಲೇ ಪೋಣಿಸಿ ಒಣಗಲು ಸೂರಿಗೆ ಕಟ್ಟಿದ್ದೇನೆ.

ಒಂದೂವರೆ ದಿನ ಕೂತು ಅಸ್ತರು ಹೊಲಿದೆ. ನಿನ್ನೆ ಹಬ್ಬ. ತಿದಿಯ ಮುಂದೆ ಉಪ್ಪು, ಅಕ್ಕಿಮದ್ಯ, ಕಿತ್ತಳೆ ಇಟ್ಟು ಅಪ್ಪ ಕೈ ಮುಗಿದ ಮೇಲೆ ಅದನ್ನು ಅವರ ಮಡಿಲಲ್ಲಿ ಇಟ್ಟೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮೊದಲು ನೆತ್ತಿಯ ತೂತಿಗೆ ಬೆರಳಿಟ್ಟರು. ಅಲ್ಲಿಂದ ಏಣುಗಳ ಮೇಲೆ ಒಂದೊಂದಾಗಿ ಕೆಳಗಿಳಿದರು. ಅರವತ್ತೆರಡನ್ನೂ ಎಣಿಸಿದರು. ಕತ್ತಿನ ಸಾಲಿಗೆ ಬಂದಾಗ ಹೊಸ ಹುರಿ ಮುಟ್ಟಿ ಮುಖ ಸಿಂಡರಿಸಿಕೊಂಡು ಕೈ ತೆಗೆದರು. ಆಮೇಲೆ ಅದನ್ನು ಮಗುಚಿ ಹಾಕಿ, “ಅರ ಕೊಡೇ” ಎಂದರು. ಕೊಟ್ಟೆ. ಅದರ ಮೊನೆಯಿಂದ ನನ್ನ ಹೊಲಿಗೆ ಕೀಳತೊಡಗಿದರು.

ನಾನು ಕೈ ಹಿಡಿದುಕೊಂಡೆ. “ಬೇಡ ಅಪ್ಪಾ. ಒಂದೂವರೆ ದಿನದ ಹೊಲಿಗೆ.”

“ಇನ್ನೊಂದು ಸಲ ಹೊಲಿ. ನಿನಗೇನು ವಯಸ್ಸಾಗಿದೆಯಾ?”

“ಒಳಗೆ ಒರಟಾಗಿದೆಯಂತೆ, ಬೆರಳು ಕುಯ್ದುಕೊಳ್ತೀರಿ.”

“ನಾನೇ ಕೊರೆದಿದ್ದು ನನ್ನನ್ನೇ ಕುಯ್ಯುತ್ತದೇನೇ? ಬಿಡು ಕೈ.”

ಬಿಟ್ಟೆ. ಇನ್ನೇನು ಮಾಡಲಿ, ಬಲವಂತವಾಗಿ ಕಿತ್ತುಕೊಳ್ಳಲೇ? ಅಸ್ತರು ಸರಿಸಿ ಹೆಬ್ಬೆರಳು ಒಳಗಿಟ್ಟರು. ಒಂದು ಗೆರೆ ಹಿಂಬಾಲಿಸಿದರು, ಇನ್ನೊಂದು, ಮತ್ತೊಂದು. ನಿನ್ನನ್ನು ಆ ಗಳಿಗೆಯಲ್ಲಿ ನಾನು ಎಷ್ಟು ದ್ವೇಷಿಸಿದೆನೆಂದರೆ ಈಗ ಬರೆಯಲು ನಾಚಿಕೆಯಾಗುತ್ತದೆ.

“ಉಜಿ...ನೊರಿ” ಎಂದು ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ನಕ್ಕರು. ನಗು ಕೆಮ್ಮಾಗಿ, ಬೆನ್ನು ತಿಕ್ಕಬೇಕಾಯಿತು. ಉಸಿರು ಬಂದ ಮೇಲೆ ಕೇಳಿದರು. “ಅವನು ಹೇಗಿದಾನೆ?”

“ಯಾರು?”

“ಇನ್ಯಾರೇ, ಉನೊಕಿಚಿ. ಆ ಕತ್ತೆ ಇನ್ನೂ ಗೆರೆ ಮುಗಿಯೋ ಮುಂಚೆ ಉಳಿ ಎತ್ತುತಾನೆ. ಎಷ್ಟು ಸಲ ಗೆಣ್ಣಿಗೆ ಬಾರಿಸಿದೀನಿ! ಹತ್ತು ಊರು ದಾಟಿ ಹೋದರೂ ಆ ಚಾಳಿ ಬಿಟ್ಟಿಲ್ಲ.”

ನಾನು ತಲೆ ನೆಲಕ್ಕಿಟ್ಟು ಎಲ್ಲ ಹೇಳಿದೆ. ಅಪ್ಪ ಕೇಳಿಸಿಕೊಂಡು, “ನನಗೆ ಬಾಕಿ ಇದ್ದದ್ದು ಇದೇ ಕೆಲಸ. ಅವನು ಮಾಡಿ ಮುಗಿಸಿದಾನೆ” ಎಂದರು.

ಕೇಳು. ಕಪ್ಪು ಹಡಗುಗಳ ಸುದ್ದಿಯಿಂದ ಎಲ್ಲರಿಗೂ ಗಾಬರಿ ಹಿಡಿದಿದ್ದ ಆ ವರ್ಷ, ಮಿನೊವಾ ಹಿರಿಯರು ನಾಲ್ಕು ತಿಂಗಳಲ್ಲಿ ಅರವತ್ತೆರಡು ಪಟ್ಟಿಯ ಶಿರಸ್ತ್ರಾಣ ಬೇಕೆಂದರಂತೆ. ಅದು ವರ್ಷದ ಕೆಲಸ. ಆಗುವುದಿಲ್ಲ ಎಂದರೆ ಬೇರೆಯವರ ಬಳಿ ಹೋಗುತ್ತಿದ್ದರು. ಅಪ್ಪ ಝೆಂಕೋಜಿ ಊರಿನ ಹಳೆ ಕಬ್ಬಿಣದ ಅಂಗಡಿಯಲ್ಲಿ ತುಕ್ಕು ಹಿಡಿದ ಒಂದು ಹಳೆಯ ಶಿರಸ್ತ್ರಾಣದ ಬುರುಡೆ ಕೊಂಡರು. ಕತ್ತಿನ ಸಾಲು ಉದುರಿಹೋಗಿತ್ತು, ಪಟ್ಟಿಗಳು ಮಾತ್ರ ಗಟ್ಟಿ. ತುಕ್ಕು ತೆಗೆದಾಗ ಒಳಗೆ ಹೆಸರು ಕಂಡಿತು. ಉಜಿನೊರಿ. ನಿಜವಾದ ಉಜಿನೊರಿ.

“ಮೂರು ದಿನ ನೋಡ್ತಾ ಕೂತೆ. ಅಂಥಾ ಕೆಲಸ ನನ್ನ ಕೈಲಿ ಆಗಲ್ಲ ಅಂತ ಗೊತ್ತಾಯ್ತು. ನಾಲ್ಕನೇ ದಿನ ಅರ ಹಾಕಿದೆ. ಮೊದಲ ವರ್ಷ ಹೇಳಿಬಿಡಬಹುದಿತ್ತು. ಆಮೇಲೆ ನೀವೆಲ್ಲ ಆ ಹೆಸರಲ್ಲೇ ಅನ್ನ ತಿಂದಿರಿ. ಉನೊಕಿಚಿ ನನ್ನ ಹತ್ರ ಕಲಿಯೋಕೆ ಬಂದಿದ್ದೇ ಆ ಹೆಸರು ಕೇಳಿ. ಹೇಗೆ ಹೇಳಲೇ?”

ನಿನಗೆ ಕಲಿಸಿದ್ದೆಲ್ಲ ಆ ಬುರುಡೆ ನೋಡಿ ತಾವು ಕಲಿತದ್ದಂತೆ. ಕುಲುಮೆ ದೇವರ ಪಟದ ಹಿಂದಿನಿಂದ ಒಂದು ಮಡಿಸಿದ ಕಾಗದ ತೆಗೆಸಿದರು. ಅರ ಹಾಕುವ ಮೊದಲು ಆ ಹೆಸರಿನ ಮೇಲೆ ಕಾಗದ ಒತ್ತಿ ಮಸಿ ಉಜ್ಜಿ ತೆಗೆದ ಅಚ್ಚು. ಇಪ್ಪತ್ತೈದು ವರ್ಷದಿಂದ ದಿನವೂ ಅದಕ್ಕೆ ಕೈ ಮುಗಿದಿದ್ದೇನೆ, ನನಗೆ ಗೊತ್ತಿರಲಿಲ್ಲ.

ತಮ್ಮ ಹೆಸರು ತೆಗೆದು ಆ ಜಾಗ ಖಾಲಿ ಬಿಡಬೇಕು ಎಂದಿದ್ದರಂತೆ. ಈಗ ಮುಟ್ಟುವ ಹಾಗಿಲ್ಲ. ಎರಡು ಸಲ ಅರ ತಿಂದು ಆ ಪಟ್ಟಿ ತೀರ ತೆಳುವಾಗಿದೆ. “ಮೂರನೇ ಸಲ ಹಾಕಿದ್ರೆ ಬೆರಳು ಆಚೆ ಬರುತ್ತೆ. ಇನ್ನು ಯಾರೂ ಅದರ ತಂಟೆಗೆ ಹೋಗಬೇಡಿ” ಎಂದರು. ಅಸ್ತರು ಮತ್ತೆ ಹೊಲಿದಿದ್ದೇನೆ. ಪೆಟ್ಟಿಗೆ ನಾಳೆ ಹೊರಡುತ್ತದೆ. ಆ ಅಚ್ಚು ನಿನಗೆ ಕೊಡಲು ಹೇಳಿದರು, ಇದರೊಳಗಿದೆ.

ತಾಮೆ

*

ಯೊಕೊಹಾಮಾ
ಹನ್ನೊಂದನೇ ತಿಂಗಳು ೨೯

ನನ್ನ ತಂಗಿ ತಾಮೆಗೆ,

ಓದಿದೆ, ಮತ್ತೆ ಓದಿದೆ, ಅಂಗಡಿಯ ಹಿಂದೆ ಹೋಗಿ ನಿಂತು ಗಟ್ಟಿಯಾಗಿ ಓದಿದೆ. ಎದೆಯ ಮೇಲಿನ ಕಲ್ಲು ಇಳಿಯಿತು! ಒಂದು ವರ್ಷದಿಂದ ಗುರುದ್ರೋಹಿ ಎಂದು ನನ್ನನ್ನು ನಾನೇ ಬೈದುಕೊಂಡಿದ್ದೆ. ಈಗ ನೋಡಿದರೆ ನಾನು ಹಾಕಿದ ಹೆಸರೇ ಸರಿಯಾದದ್ದು. ಕಳವು ಮಾಡಲು ಹೋಗಿ ಕಳವಾದ ಮಾಲನ್ನು ಅದರ ಒಡೆಯನಿಗೇ ಕೊಟ್ಟು ಬಂದ ಹಾಗಾಯಿತು. ನಗು ಬರುತ್ತದೆ.

ನಿನ್ನ ಹೊಲಿಗೆಯ ಒಂದು ಅಂಚು ಬಿಚ್ಚಿ ಅಚ್ಚನ್ನು ನನ್ನ ಕೊರೆತದ ಪಕ್ಕ ಹಿಡಿದು ನೋಡಿದೆ. ಹೆಸರು ಒಂದೇ, ಕೈ ಬೇರೆ. ಅವನ ಗೆರೆ ಕೊನೆಯವರೆಗೂ ಒಂದೇ ಆಳ. ನನ್ನದು ಗುರುಗಳು ಹೇಳಿದ ಹಾಗೇ ಇದೆ. ಅಷ್ಟಾದರೂ ಸುಳ್ಳು ಸುಳ್ಳಾಗಿ ಉಳಿಯಲಿಲ್ಲವಲ್ಲ! ಯಜಮಾನರಿಗೆ, “ಇದು ನಿಜಕ್ಕೂ ಉಜಿನೊರಿಯದ್ದೇ” ಎಂದೆ. “ನಾವು ಮಾರೋದೆಲ್ಲ ನಿಜವಾದದ್ದೇ ಕಣಯ್ಯಾ” ಎಂದರು.

ಆ ಪರದೇಶದ ವೈದ್ಯರು ನಿನ್ನೆ ಅದನ್ನು ಒಯ್ದರು. ಹಡಗು ಇವತ್ತು ಬೆಳಗ್ಗೆ ಬಿಟ್ಟಿತು. ಗುರುಗಳಿಗೆ ನನ್ನ ಸಾವಿರ ನಮಸ್ಕಾರ ಹೇಳು. ಎಲ್ಲ ಒಳ್ಳೆಯದಾಗಿ ಮುಗಿಯಿತು.

ಉನೊಕಿಚಿ

*

ಮಾತ್ಸುಶಿರೊ
ಹನ್ನೆರಡನೇ ತಿಂಗಳು ೧೪

ಉನೊಕಿಚಿಗೆ,

ನಿನಗೆ ಸಂತೋಷವಾಯಿತು. ಅಪ್ಪನಿಗೂ ಆಗಿದೆ. ಈಗ ಗೊರಕೆ ಹೊಡೆದು ನಿದ್ದೆ ಮಾಡುತ್ತಾರೆ. ಹಗಲು ಬಿಸಿಲಿದ್ದರೆ ಸೂರಿನ ಕೆಳಗೆ ಕೂತು, ಕೈ ಮೇಲೆತ್ತಿ ತಡಕಿ, ಒಣಗಿದ ಕಾಕಿ ಹಣ್ಣು ತಾವೇ ಬಿಡಿಸಿಕೊಂಡು ತಿನ್ನುತ್ತಾರೆ. ಇಲ್ಲಿಯ ವೈದ್ಯರಿಗೇ ಆಶ್ಚರ್ಯ.

ನೀವಿಬ್ಬರೂ ಹೊರೆ ಇಳಿಸಿದಿರಿ. ನನ್ನದೇನಾಯಿತು ಎಂದು ಇಬ್ಬರೂ ಕೇಳಲಿಲ್ಲ. ನಿನ್ನೆ ತೋಫು ಮಾರುವವಳು ಬಾಗಿಲಲ್ಲಿ “ಶಿರಸ್ತ್ರಾಣದ ಮಗಳೇ” ಎಂದು ಕೂಗಿದಳು. ನಾನು ಓಗೊಡಲಿಲ್ಲ. ಪಾತ್ರೆ ಹಿಡಿದುಕೊಂಡು ಒಳಗೇ ನಿಂತೆ. ಇಪ್ಪತ್ತೈದು ವರ್ಷ ನನ್ನದೆಂದುಕೊಂಡಿದ್ದ ಹೆಸರು ಬೇರೆ ಯಾರದೋ ಆಯಿತು. ನನಗೆ ಬಹಳ ದುಃಖವಾಗಿದೆ, ನೇರವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ನೀನು ಗುರುತಿಸುವವನಲ್ಲ.

ಅಪ್ಪನನ್ನು ಒಂದು ದಿನ ಕೇಳಿಯೇಬಿಟ್ಟೆ. “ಹಾಗಾದ್ರೆ ಅದರಲ್ಲಿ ನಮ್ಮ ಮನೆಯದು ಅಂತ ಏನಿತ್ತಪ್ಪಾ?” ಅಪ್ಪ, “ಕತ್ತಿನ ಐದು ಸಾಲು ನಾನು ತಟ್ಟಿದ್ದು, ಅದು ಸಾಧಾರಣ ಕೆಲಸ. ಹುರಿ ನಿಮ್ಮಮ್ಮ ಹೆಣೆದದ್ದು. ನೀನು ಹೊಟ್ಟೇಲಿದ್ದೆ. ಅದು ಮಾತ್ರ ಉಜಿನೊರಿ ಪಕ್ಕ ಕೂತರೂ ನಾಚಬೇಕಾಗಿಲ್ಲದ ಕೆಲಸ” ಎಂದರು.

ಅಮ್ಮ ಹೋದಾಗ ನನಗೆ ಎಂಟು ವರ್ಷ. ಅವಳ ಕೈಯ ಒಂದು ಮೊಳ ಹುರಿಯೂ ನನ್ನ ಬಳಿ ಇಲ್ಲ, ಇದ್ದದ್ದೆಲ್ಲ ಕವಚ, ಶಿರಸ್ತ್ರಾಣಗಳ ಜೊತೆ ಹೊರಟುಹೋಯಿತು. ಹುರಿಯ ಮೇಲೆ ಯಾರೂ ಹೆಸರು ಬರೆಯುವುದಿಲ್ಲ. ಆದರೆ ಅವಳದ್ದನ್ನು ಗುರುತಿಸುವುದು ಸುಲಭ. ಅವಳು ಎಡಚಿ, ಹೆಣಿಗೆಯ ಎಳೆ ಎಡಕ್ಕೆ ಹೊರಳುತ್ತದೆ. ಊರಲ್ಲಿ ಬೇರೆ ಎಲ್ಲರದ್ದೂ ಬಲಕ್ಕೆ, ನನ್ನದೂ ಬಲಕ್ಕೆ.

ನೀನು ಕತ್ತರಿಸಿ ತೆಗೆದ ಆ ನೀಲಿ ಹುರಿ ಏನು ಮಾಡಿದೆ? ಒಂದು ತುಂಡು ಉಳಿದಿದ್ದರೂ ಸಾಕು. ಇದೊಂದನ್ನು ಮಾಡಿಕೊಡು, ಇನ್ನೇನೂ ಕೇಳುವುದಿಲ್ಲ.

ತಾಮೆ

*

ಯೊಕೊಹಾಮಾ
ಮೆಯಿಜಿ ೧೩ನೇ ವರ್ಷ, ಮೊದಲನೇ ತಿಂಗಳು ೮

ತಾಮೆ,

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಹೊಸ ವರ್ಷದ ಹಬ್ಬದ ಮೂರು ದಿನವೂ ಗೋದಾಮಿನಲ್ಲೇ ಹುಡುಕುತ್ತಿದ್ದೆ.

ಮಿಕ್ಕ ಶಿರಸ್ತ್ರಾಣಗಳ ಹಳೆ ಹುರಿಯೆಲ್ಲ ಕಸಕ್ಕೆ ಹೋಗುತ್ತದೆ. ಅದೊಂದನ್ನು ಎಸೆಯಲು ಮನಸ್ಸು ಬರದೆ ಸುರುಳಿ ಸುತ್ತಿ ನನ್ನ ಮೇಜಿನ ಪಕ್ಕದ ಮೊಳೆಗೆ ನೇತುಹಾಕಿದ್ದೆ. ಮೊಳೆ ಖಾಲಿ ಇದೆ. ಯಾರನ್ನು ಕೇಳಿದರೂ ಗೊತ್ತಿಲ್ಲ ಎಂದರು. ಕೊನೆಗೆ ನನಗೇ ನೆನಪಾಯಿತು. ಹತ್ತನೇ ತಿಂಗಳಲ್ಲಿ ನಿನಗೆ ಪೆಟ್ಟಿಗೆ ಕಟ್ಟುವಾಗ ರೋಗದ ದೆಸೆಯಿಂದ ಅಂಗಡಿಯಲ್ಲಿ ಹುಲ್ಲುಹಗ್ಗ ಸಿಗಲಿಲ್ಲ. ಗಾಡಿಯವನು ಬಾಗಿಲಲ್ಲಿ ನಿಂತು ಬೈಯುತ್ತಿದ್ದ. ಕೈಗೆ ಸಿಕ್ಕಿದ್ದನ್ನು ಗಂಟು ಹಾಕಿ ಉದ್ದ ಮಾಡಿ ಕಟ್ಟಿದೆ. ಎಣ್ಣೆ, ಮಸಿ ಹತ್ತಿ ಬಣ್ಣ ಕಾಣುತ್ತಿರಲಿಲ್ಲ.

ಕಟ್ಟಿದವನೂ ನಾನೇ, ಕತ್ತರಿಸಿದವನೂ ನಾನೇ. ನೀನು ಅದನ್ನು ಕಾಕಿ ಹಣ್ಣಿಗೆ ಕಟ್ಟಿದೆ ಎಂದು ಬರೆದಿದ್ದೆ. ಈಗ ಇದೆಯೋ, ಒಲೆಗೆ ಹೋಯಿತೋ? ಬೇಗ ನೋಡು.

ಇಲ್ಲಿಯ ಕೆಲಸ ಬಿಟ್ಟಿದ್ದೇನೆ. ನಿನಗೆ ಹೇಳಿ ದೊಡ್ಡವನಾಗಲು ಅಲ್ಲ. ಉಳಿ ಹಿಡಿದಾಗಲೆಲ್ಲ ಗೆಣ್ಣು ನೋಯುತ್ತದೆ, ಅಷ್ಟೇ.

ಉನೊಕಿಚಿ

*

ಮಾತ್ಸುಶಿರೊ
ಮೊದಲನೇ ತಿಂಗಳು ೧೭

ಉನೊಕಿಚಿ ಅಣ್ಣನಿಗೆ,

ಕಾಗದ ಓದಿ ಚಪ್ಪಲಿ ಮೆಟ್ಟದೆ ಹಿಮಕ್ಕೆ ಓಡಿದೆ. ಸೂರಿನಲ್ಲಿ ಇನ್ನೂ ಒಂಬತ್ತು ಹಣ್ಣು ನೇತಾಡುತ್ತಿದ್ದವು. ಹುರಿಯ ಒಂದು ತುದಿಯನ್ನು ಬಿಸಿನೀರಲ್ಲಿ ಅದ್ದಿ ಉಜ್ಜಿದೆ. ಕೊಳೆಯ ಅಡಿಯಿಂದ ನೀಲಿ ಬಂತು. ಎಳೆ ಎಡಕ್ಕೆ ಹೊರಳಿತ್ತು.

ಕಣ್ಣಿಲ್ಲದ ಅಪ್ಪ ಮೂರು ಗೆರೆ ಮುಟ್ಟಿ ನಿನ್ನ ಕೈ ಗುರುತಿಸಿದರು. ದಿನಕ್ಕೆ ಹತ್ತು ಗಂಟೆ ಹುರಿ ಹೆಣೆಯುವವಳು ನಾನು. ಎರಡೂ ಕಣ್ಣಿಟ್ಟುಕೊಂಡು, ಕೈಯಾರೆ ಗಂಟು ಬಿಚ್ಚಿ, ಹಣ್ಣಿನ ತೊಟ್ಟು ಸಿಕ್ಕಿಸಿದೆ. ನನ್ನ ತಾಯಿಯ ಕೆಲಸ ನನಗೆ ಗೊತ್ತಾಗಲಿಲ್ಲ. ಇನ್ನು ನಿನ್ನನ್ನು ಬೈಯುವ ಮುಖ ನನಗಿಲ್ಲ.

ಅಪ್ಪನಿಗೆ ಹೇಗೆ ಹೇಳುವುದೆಂದು ತಿಳಿಯದೆ ಆ ತುದಿಯನ್ನು ಅವರ ಅಂಗೈಯಲ್ಲಿಟ್ಟೆ. “ಅಪ್ಪಾ, ಇದೇನು ಹೇಳಿ.”

“ನಿಮ್ಮಮ್ಮನ ಹುರಿ” ಎಂದರು, ಊಟಕ್ಕೇನಿದೆ ಎಂದು ಕೇಳಿದಷ್ಟೇ ಸಲೀಸಾಗಿ. “ಹಣ್ಣು ಬಿಡಿಸುವಾಗ್ಲೆಲ್ಲ ಕೈಗೆ ಸಿಗ್ತಿತ್ತಲ್ಲ.”

“ಎರಡು ತಿಂಗಳಿಂದ ಗೊತ್ತಿತ್ತಾ? ಯಾಕೆ ಹೇಳಲಿಲ್ಲ?”

“ನೀನೇ ಕಟ್ಟಿದವಳು. ಗೊತ್ತಿದ್ದೇ ಕಟ್ಟಿದೀಯ ಅಂದ್ಕೊಂಡೆ. ನನಗೆ ಅಂತ ಕಟ್ಟಿದೀಯ ಅಂದ್ಕೊಂಡೆ.”

ಹಾಗಾದರೆ ಅವರು ದಿನವೂ ಸೂರಿನ ಕೆಳಗೆ ಕೂತದ್ದು ಬಿಸಿಲಿಗೂ ಅಲ್ಲ, ಹಣ್ಣಿಗೂ ಅಲ್ಲ. ಗೊತ್ತಿರಲಿಲ್ಲ ಎಂದು ನಾನು ಹೇಳಲಿಲ್ಲ. ನೀನೂ ಹೇಳಬೇಡ.

ನಿನ್ನೆ ಅಪ್ಪ ನಿನ್ನ ಬಗ್ಗೆ ಕೇಳಿದರು. ಕೆಲಸ ಬಿಟ್ಟ ಸುದ್ದಿ ತಿಳಿಸಿದೆ. “ಬಂದು ನಾಲ್ಕು ದಿನ ಇರಲಿ. ಆ ಕೊನೆ ಗೆರೆ ಎಳೆಯೋದು ಕಲಿಸಿ ಹೋಗ್ತೀನಿ” ಎಂದರು. ಕೆಮ್ಮು ಹೆಚ್ಚಾಗಿದೆ, ತಡ ಮಾಡಬೇಡ. ಒಂಬತ್ತು ಹಣ್ಣಿನಲ್ಲಿ ಮೂರು ನಿನಗೆಂದು ಬಿಟ್ಟಿದ್ದೇನೆ. ಹುರಿಯನ್ನು ಬಿಚ್ಚಿಲ್ಲ, ನೀನೂ ಬಿಚ್ಚಬೇಡ. ಅಪ್ಪ ಕೈ ಚಾಚಿದರೆ ಎಟಕುವ ಜಾಗದಲ್ಲಿ ಇದೆ.

ತಾಮೆ